ಮುಖದ ಸಾಕ್ಷಿ, ಹೊತ್ತಿನ ಸಾಕ್ಷಿ

ವಿಜಯಪುರದ ಕೋರ್ಟು ಕಚೇರಿಗಳ ಸುತ್ತಲಿನ ಚಹಾದಂಗಡಿಗಳಲ್ಲಿ ಕ್ರಿಮಿನಲ್ ಕೇಸಿನ ಮಾತು ಬಂತೆಂದರೆ ಒಂದು ತೀರ್ಮಾನ ಬಲು ಬೇಗ ಬಂದುಬಿಡುತ್ತದೆ: "ಕಣ್ಣಾರೆ ಕಂಡವ್ರು ಬೆರಳ ಮಾಡಿ ತೋರಿಸ್ಯಾರ. ಇನ್ನ ಇಂವ ನಾ ಅಲ್ಲಿ ಇದ್ದಿಲ್ರೀ ಅಂದ್ರ ಯಾರ ಕೇಳ್ತಾರ?" ಓದಿದವರೂ ಇದನ್ನೇ ಸ್ವಲ್ಪ ನಯವಾಗಿ ಹೇಳುತ್ತಾರೆ. ಪ್ರತ್ಯಕ್ಷದರ್ಶಿಯ ಸಾಕ್ಷ್ಯ ನೇರವಾದದ್ದು. ಆ ಹೊತ್ತಿಗೆ ತಾನು ಬೇರೆ ಕಡೆ ಇದ್ದೆ ಎಂಬ ಆರೋಪಿಯ ವಾದ, ವಕೀಲರು ಅಲಿಬಿ ಎನ್ನುವುದು, ಸಿಕ್ಕಿಬಿದ್ದವನ ಕೊನೆಯ ಉಪಾಯ. ಒಂದು ತಕ್ಕಡಿ, ಎರಡು ತಟ್ಟೆ. ಕಣ್ಣಿನ ತಟ್ಟೆ ಯಾವಾಗಲೂ ಭಾರ. ಈ ಚಿತ್ರವೇ ತಪ್ಪು ಎಂಬುದು ನನ್ನ ವಾದ. ಕಣ್ಣಿನ ತಟ್ಟೆ ಹಗುರ ಎಂದಲ್ಲ. ಇಲ್ಲಿರುವುದು ಎರಡು ತಟ್ಟೆಗಳೇ ಅಲ್ಲ.

ಮೊದಲು ಆ ಅಭಿಪ್ರಾಯಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಿಸೋಣ. ಅದರ ಹಿಂದೆ ಮೂರು ಗಟ್ಟಿ ಕಾರಣಗಳಿವೆ. ದರೋಡೆಗೆ ಒಳಗಾದವನಿಗೆ ಗುರುತು ಪರಿಚಯವಿಲ್ಲದ ಹುಡುಗನೊಬ್ಬನನ್ನು ಜೈಲಿಗೆ ಹಾಕಿಸಿ ಆಗಬೇಕಾದದ್ದೇನೂ ಇಲ್ಲ. ನಿಜವಾದ ಕಳ್ಳನನ್ನು ಬಿಟ್ಟು ಬೇರೆಯವನತ್ತ ಅವನೇಕೆ ಬೆರಳು ತೋರಿಸುತ್ತಾನೆ? ಎರಡನೆಯದು, ಅಲಿಬಿ ಹೇಳಲು ಬರುವವರು ಹೆಚ್ಚಾಗಿ ಅಕ್ಕ, ಮಾವ, ಗೆಳೆಯ; ಅವರಿಗೆ ಪಕ್ಷಪಾತಕ್ಕೆ ಕಾರಣವಿದೆ. ಮೂರನೆಯದು, ಹೇಳಿದ ಅಲಿಬಿ ಸುಳ್ಳೆಂದು ಗೊತ್ತಾದ ಮೇಲೆ, ತಪ್ಪು ಮಾಡದವನು ಸುಳ್ಳೇಕೆ ಹೇಳಿದ ಎಂಬ ಪ್ರಶ್ನೆ ಏಳುತ್ತದೆ. ಈ ಮೂರೂ ಕಾರಣಗಳು ಒಂದೇ ಪ್ರಶ್ನೆಗೆ ಉತ್ತರ: ಯಾರು ಸುಳ್ಳು ಹೇಳುತ್ತಿದ್ದಾರೆ? ಗೊಂದಲ ಹುಟ್ಟುವುದು ಅಲ್ಲೇ. ಯಾರೂ ಸುಳ್ಳು ಹೇಳದೆಯೂ ಅಮಾಯಕನೊಬ್ಬ ಶಿಕ್ಷೆಗೆ ಒಳಗಾಗಬಹುದು. ಅಂಥ ಪ್ರಕರಣಗಳಲ್ಲಿ "ಯಾರು ಸುಳ್ಳ?" ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಆದರೂ ನಾವು ಒಬ್ಬರನ್ನು ಆರಿಸುತ್ತೇವೆ.

ವಾದಕ್ಕಾಗಿ ಒಂದು ಕಲ್ಪಿತ ಪ್ರಕರಣ ಇಟ್ಟುಕೊಳ್ಳೋಣ. ಟಿಕೋಟಾದ ಒಣದ್ರಾಕ್ಷಿ ವ್ಯಾಪಾರಿಯೊಬ್ಬ ಸಂಜೆ ಏಳೂವರೆಗೆ ಬೈಕಿನಲ್ಲಿ ಮನೆಗೆ ಮರಳುವಾಗ ಇಬ್ಬರು ಅಡ್ಡಗಟ್ಟಿ, ಮಚ್ಚು ತೋರಿಸಿ, ಹಣದ ಚೀಲ ಕಿತ್ತುಕೊಂಡು ಹೋದರು. ಮೂರು ವಾರದ ಮೇಲೆ ಒಬ್ಬ ಹುಡುಗ ಸಿಕ್ಕ. ವ್ಯಾಪಾರಿ ಅವನನ್ನು ಗುರುತಿಸಿದ. ಹುಡುಗ ಹೇಳುತ್ತಾನೆ: ಅವತ್ತು ಬಬಲೇಶ್ವರದಲ್ಲಿ ನಮ್ಮಕ್ಕನ ಕುಬಸ ಇತ್ತು, ನಾನು ಅಲ್ಲಿ ಊಟಕ್ಕೆ ಬಡಿಸುತ್ತಿದ್ದೆ. ವ್ಯಾಪಾರಿ ಪ್ರಾಮಾಣಿಕ, ಅಕ್ಕನ ನೆರೆಹೊರೆಯವರೂ ಪ್ರಾಮಾಣಿಕರು ಎಂದೇ ಇಟ್ಟುಕೊಳ್ಳಿ.

ವ್ಯಾಪಾರಿ ಪ್ರತ್ಯಕ್ಷ ಕಂಡದ್ದು ಏನನ್ನು? ಒಂದು ಮುಖವನ್ನು, ಕೆಲವು ಕ್ಷಣ, ಹೆಡ್‌ಲೈಟಿನ ಬೆಳಕಿನಲ್ಲಿ. "ಇವನೇ ಅವನು" ಎಂಬುದನ್ನು ಅವನು ಕಾಣಲಿಲ್ಲ. ಅದು ಈಗ ಎದುರಿಗಿರುವ ಮುಖವನ್ನು ಮೂರು ವಾರದ ಹಿಂದಿನ ನೆನಪಿಗೆ ಹೋಲಿಸಿ ಬಂದ ತೀರ್ಮಾನ. ನಮ್ಮ ದಾರ್ಶನಿಕರು ಇದಕ್ಕೆ ಪ್ರತ್ಯಭಿಜ್ಞೆ ಎಂಬ ಬೇರೆಯದೇ ಹೆಸರಿಟ್ಟರು. "ಇವನೇ ಆ ದೇವದತ್ತ" ಎಂಬ ಜ್ಞಾನ ಪ್ರತ್ಯಕ್ಷವೋ, ಸ್ಮೃತಿಯೋ, ಎರಡರ ಬೆರಕೆಯೋ ಎಂದು ನೈಯಾಯಿಕರೂ ಬೌದ್ಧರೂ ಶತಮಾನಗಟ್ಟಲೆ ಜಗಳಾಡಿದ್ದಾರೆ. "ಇವನು" ಎನ್ನುವುದು ಕಣ್ಣಿನ ಕೆಲಸ, "ಆ" ಎನ್ನುವುದು ನೆನಪಿನ ಕೆಲಸ, ನಡುವಿನ ಏಕಾರ ಮಾತ್ರ ಮನಸ್ಸಿನ ಸೇರ್ಪಡೆ. ಕೋರ್ಟಿನಲ್ಲಿ ಮನುಷ್ಯನ ಜೀವ ನೇತಾಡುವುದು ಆ ಏಕಾರದ ಮೇಲೆ. ಆದ್ದರಿಂದ ಗುರುತಿಸುವಿಕೆಯನ್ನು ನೇರ ಸಾಕ್ಷ್ಯ ಎಂದು ಕರೆದು ಅಲಿಬಿಯನ್ನು ಪರೋಕ್ಷ ಎನ್ನುವ ವಿಂಗಡಣೆಯೇ ನಿಲ್ಲುವುದಿಲ್ಲ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆ ಕಟ್ಟಿದವರು ಈ ಸಂಗತಿ ಬಲ್ಲವರಾಗಿದ್ದರು.

ಆ ಸೇರ್ಪಡೆ ಎಲ್ಲೆಲ್ಲಿ ಕೆಡುತ್ತದೆ ಎಂಬುದನ್ನು ಮನೋವಿಜ್ಞಾನಿಗಳು ಸುಮಾರು ಐವತ್ತು ವರ್ಷಗಳಿಂದ ಅಳೆಯುತ್ತ ಬಂದಿದ್ದಾರೆ. ಆಯುಧ ಎದುರಿಗಿದ್ದಾಗ ಕಣ್ಣು ಮಚ್ಚಿನ ಮೇಲಿರುತ್ತದೆ, ಮುಖದ ಮೇಲಲ್ಲ. ಸಾಲಿನಲ್ಲಿ ನಿಂತವರನ್ನು ತೋರಿಸಿದಾಗ ಸಾಕ್ಷಿ ನೆನಪಿನೊಡನೆ ಹೋಲಿಸುವ ಬದಲು ಸಾಲಿನವರನ್ನು ಒಬ್ಬರಿಗೊಬ್ಬರು ಹೋಲಿಸಿ, ಹೆಚ್ಚು ಹತ್ತಿರ ಕಾಣುವವನನ್ನು ಆರಿಸುತ್ತಾನೆ. ಇದನ್ನು ಅಮೆರಿಕದ ಗ್ಯಾರಿ ವೆಲ್ಸ್ ತೋರಿಸಿಕೊಟ್ಟರು. ನಿಜವಾದ ಅಪರಾಧಿ ಸಾಲಿನಲ್ಲಿ ಇಲ್ಲದಿದ್ದರೂ "ಹೆಚ್ಚು ಹತ್ತಿರದವನು" ಒಬ್ಬ ಇದ್ದೇ ಇರುತ್ತಾನೆ. ಗುರುತಿಸಿದ ಮೇಲೆ "ಸರಿಯಾಗಿ ಹಿಡಿದಿರಿ" ಎಂದು ಯಾರಾದರೂ ಹೇಳಿದರೆ, ತಾನು ಆವತ್ತೇ ಮುಖವನ್ನು ಚೆನ್ನಾಗಿ ನೋಡಿದ್ದೆ ಎಂದು ಸಾಕ್ಷಿ ನಂಬತೊಡಗುತ್ತಾನೆ ಎಂಬುದನ್ನು ವೆಲ್ಸ್ ಮತ್ತು ಬ್ರ್ಯಾಡ್‌ಫೀಲ್ಡ್ 1998ರಲ್ಲಿ ಪ್ರಕಟಿಸಿದರು. ಅಂದರೆ ಎರಡು ವರ್ಷದ ನಂತರ ಕಟಕಟೆಯಲ್ಲಿ ಕಾಣುವ ಖಚಿತತೆ ಘಟನೆಯ ದಿನದ್ದಲ್ಲ, ಆಮೇಲೆ ಬೆಳೆದದ್ದು. ಇದರಿಂದ ಸಾಕ್ಷಿಯ ಮಾತೆಲ್ಲ ವ್ಯರ್ಥ ಎಂದು ತೀರ್ಮಾನಿಸುವುದೂ ತಪ್ಪೇ. ಜಾನ್ ವಿಕ್ಸ್‌ಟೆಡ್ ಮೊದಲಾದವರು ತೋರಿಸಿರುವಂತೆ, ಕ್ರಮಬದ್ಧವಾದ ಮೊದಲ ಪರೀಕ್ಷೆಯಲ್ಲಿ ಸಾಕ್ಷಿ ವ್ಯಕ್ತಪಡಿಸಿದ ಖಚಿತತೆಗೆ ಒಳ್ಳೆಯ ಬೆಲೆಯಿದೆ. ಬೆಲೆಯಿರುವುದು ಮೊದಲನೆಯದಕ್ಕೆ, ಕೊನೆಯದಕ್ಕಲ್ಲ.

ನಮ್ಮಲ್ಲಿ ಆ ಮೊದಲನೆಯದು ಹೇಗೆ ನಡೆಯುತ್ತದೆ? ಪೊಲೀಸರ ಮುಂದೆ ಆಡಿದ ಮಾತು ಸಾಕ್ಷ್ಯವಾಗುವುದಿಲ್ಲವಾದ್ದರಿಂದ ಕರ್ನಾಟಕದಲ್ಲಿ ಗುರುತು ಪತ್ತೆ ಪರೇಡನ್ನು ಸಾಮಾನ್ಯವಾಗಿ ತಾಲ್ಲೂಕು ದಂಡಾಧಿಕಾರಿ, ಅಂದರೆ ತಹಸೀಲ್ದಾರರು ನಡೆಸುತ್ತಾರೆ. ಟಿಕೋಟಾ, ಬಬಲೇಶ್ವರ ಹಿಂದೆ ವಿಜಯಪುರ ತಾಲ್ಲೂಕಿನಲ್ಲೇ ಇದ್ದವು. ಈಗ ಎರಡೂ ಪ್ರತ್ಯೇಕ ತಾಲ್ಲೂಕುಗಳಾಗಿ ಅಲ್ಲಲ್ಲಿಗೆ ತಹಸೀಲ್ದಾರರಿದ್ದಾರೆ. ಜಾತಿ ಪ್ರಮಾಣಪತ್ರ, ಬೆಳೆ ಹಾನಿ, ಚುನಾವಣೆ ಎಲ್ಲ ಮುಗಿಸಿ ಅವರು ಜೈಲಿನ ಅಂಗಳಕ್ಕೆ ಬಂದು ಸಾಲು ನಿಲ್ಲಿಸಬೇಕು. ಆರೋಪಿಯ ವಯಸ್ಸು, ಎತ್ತರ, ಬಣ್ಣಕ್ಕೆ ಹೊಂದುವ ಐದಾರು ಮಂದಿಯನ್ನು ಹುಡುಕಬೇಕು. ಆರೋಪಿಯ ಕೆನ್ನೆಯಲ್ಲಿ ಮಚ್ಚೆ ಇದ್ದರೆ ಎಲ್ಲರ ಕೆನ್ನೆಗೂ ಅದೇ ಜಾಗದಲ್ಲಿ ಕಾಗದದ ಚೂರು ಅಂಟಿಸಬೇಕು. ಇದಿಷ್ಟನ್ನೂ ನಿಷ್ಠೆಯಿಂದ ಮಾಡಿದರೂ ಸಾಲಿನಲ್ಲಿ ಆರೋಪಿ ಯಾರು ಎಂಬುದು ನಡೆಸುವವರಿಗೆ ಗೊತ್ತಿರುತ್ತದೆ. ಅವರ ಕಣ್ಣು ಅತ್ತ ಹೊರಳಿದರೂ ಸಾಕು. ಬಂಧನದ ದಿನವೇ ಹುಡುಗನ ಫೋಟೊ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದ್ದರೆ ಪರೇಡು ಬರೀ ಶಾಸ್ತ್ರ. ಇನ್ನು ಕಾನೂನಿನ ಕಣ್ಣಿನಲ್ಲಿ ಪರೇಡು ಬಲ ತುಂಬುವ ಸಂಗತಿ ಮಾತ್ರ. ಮೂಲ ಸಾಕ್ಷ್ಯವೆಂದರೆ ಕೋರ್ಟಿನಲ್ಲಿ ಗುರುತಿಸುವುದು. ಅಲ್ಲಿ ಪೊಲೀಸರ ನಡುವೆ ಕೈಕಟ್ಟಿ ನಿಂತವನು ಒಬ್ಬನೇ. ಅವನನ್ನು ತೋರಿಸಲು ಸಾಕ್ಷಿಗೆ ನೆನಪು ಬೇಕಿಲ್ಲ.

ಈಗ ಅಲಿಬಿಯ ಕಡೆ ತಿರುಗೋಣ. ಬಬಲೇಶ್ವರದ ನೆರೆಯವರು ಹುಡುಗನನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲರು. ಬಡಿಸುತ್ತಿದ್ದವನು ಇವನೇ ಎಂಬುದರಲ್ಲಿ ಅವರು ತಪ್ಪುವುದಿಲ್ಲ. ತಪ್ಪಬಹುದಾದದ್ದು ಹೊತ್ತಿನಲ್ಲಿ. ಆವತ್ತು ಮಂಗಳವಾರವೋ ಬುಧವಾರವೋ? ಏಳು ಗಂಟೆಯೋ, ಒಂಬತ್ತೋ? ವ್ಯಾಪಾರಿಯದು ಇದರ ತದ್ವಿರುದ್ಧ. ಯಾವ ದಿನ, ಯಾವ ಜಾಗ, ಎಷ್ಟು ಹೊತ್ತಿಗೆ ಎಂಬುದರಲ್ಲಿ ಅವನು ತಪ್ಪುವುದು ಕಷ್ಟ. ಅದೇ ರಾತ್ರಿ ಠಾಣೆಯಲ್ಲಿ ದೂರು ಬರೆಸಿದ್ದಾನೆ. ತಪ್ಪಬಹುದಾದದ್ದು ಮುಖದಲ್ಲಿ. ಅಪರಿಚಿತನನ್ನು ಕಂಡ ಸಾಕ್ಷಿಗೆ ಹೊತ್ತು ಗೊತ್ತು, ಮುಖ ಗೊತ್ತಿಲ್ಲ. ಅಲಿಬಿಯ ಸಾಕ್ಷಿಗೆ ಮುಖ ಗೊತ್ತು, ಹೊತ್ತು ಗೊತ್ತಿಲ್ಲ. ಒಬ್ಬನ ಬಲವೇ ಇನ್ನೊಬ್ಬನ ದೌರ್ಬಲ್ಯ. ಯಾರ ಮಾತು ದೊಡ್ಡದು ಎಂದು ಕೇಳುವ ಬದಲು ಇಬ್ಬರನ್ನೂ ಅವರವರ ಸಡಿಲ ಕೀಲಿನಲ್ಲಿ ಅಲುಗಾಡಿಸಿ ನೋಡಬೇಕು:

1. ಮುಖದ ಸಾಕ್ಷಿಗೆ: ಎಷ್ಟು ಹೊತ್ತು ಕಂಡೆ, ಎಷ್ಟು ದೂರದಿಂದ, ಬೆಳಕು ಎಲ್ಲಿಂದ ಬೀಳುತ್ತಿತ್ತು? ಮೊದಲ ದೂರಿನಲ್ಲಿ ಚಹರೆ ಬರೆಸಿದ್ದೆಯಾ, ಅದು ಈ ಹುಡುಗನಿಗೆ ಹೊಂದುತ್ತದೆಯೇ? ಪರೇಡಿಗೆ ಮುಂಚೆ ಇವನನ್ನು, ಇವನ ಫೋಟೊವನ್ನು ಎಲ್ಲಾದರೂ ನೋಡಿದ್ದೆಯಾ?

2. ಹೊತ್ತಿನ ಸಾಕ್ಷಿಗೆ: ಆ ದಿನವನ್ನು ನಿನ್ನ ನೆನಪಿನಲ್ಲಿ ಹಿಡಿದಿಟ್ಟದ್ದು ಯಾವುದು? ಕುಬಸ ಒಂದೇ ಸಲ ಆಗುವಂಥದ್ದು, ಹಾಗಾಗಿ ದಿನ ಗಟ್ಟಿ. ಆದರೆ ಅವನು ಮೊದಲ ಪಂಕ್ತಿಗೆ ಬಡಿಸಿದನೋ ಕೊನೆಯದಕ್ಕೋ? ನಡುವೆ ಒಂದೂವರೆ ತಾಸು ಕಾಣೆಯಾಗಿದ್ದರೆ ನಿನಗೆ ಗೊತ್ತಾಗುತ್ತಿತ್ತೇ?

ಕೊನೆಯ ಪ್ರಶ್ನೆ ನಮ್ಮ ಭಾಗದಲ್ಲಿ ಬಲು ಮುಖ್ಯ. 1872ರ ಸಾಕ್ಷ್ಯ ಅಧಿನಿಯಮದ 11ನೇ ಕಲಮಿನ ದೃಷ್ಟಾಂತದಲ್ಲಿ ಅಪರಾಧ ನಡೆದದ್ದು ಕಲ್ಕತ್ತೆಯಲ್ಲಿ, ಆರೋಪಿ ಇದ್ದದ್ದು ಲಾಹೋರಿನಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 9ನೇ ಕಲಮಿನಲ್ಲಿ ಅದು ಚೆನ್ನೈ ಮತ್ತು ಲಡಾಖ್ ಆಗಿದೆ. ಲಡಾಖಿನಲ್ಲಿದ್ದವನ ಪರವಾಗಿ ಭೂಗೋಳವೇ ವಾದಿಸುತ್ತದೆ. ಟಿಕೋಟಾ ಮತ್ತು ಬಬಲೇಶ್ವರಗಳ ನಡುವೆ ಬೈಕಿನಲ್ಲಿ ಅರ್ಧ ಮುಕ್ಕಾಲು ತಾಸು. ಇಲ್ಲಿ ವಾದಿಸಬೇಕಾದದ್ದು ಗಡಿಯಾರ. ನಾನೂರೈನೂರು ಗಜ ಆಚೆ ಇದ್ದದ್ದು "ಬೇರೆ ಕಡೆ" ಇದ್ದಂತಲ್ಲ ಎಂದು ಸುಪ್ರೀಂ ಕೋರ್ಟು 2001ರಲ್ಲಿ ಮುನ್ಷಿ ಪ್ರಸಾದ್ ಪ್ರಕರಣದಲ್ಲಿ ಹೇಳಿದ್ದು ಇದೇ ಅರ್ಥದಲ್ಲಿ. ಗಡಿಯಾರದ ಸಾಕ್ಷ್ಯ ಈಗ ಮೊದಲಿಗಿಂತ ಹೆಚ್ಚು ಸಿಗುತ್ತದೆ: ಬಸ್ಸಿನ ಟಿಕೆಟಿನ ಮೇಲೆ ಸಮಯ ಮುದ್ರಿತವಾಗಿರುತ್ತದೆ, ಪೆಟ್ರೋಲ್ ಬಂಕಿನಲ್ಲಿ ಸಿಸಿಟಿವಿ ಇದೆ, ಕುಬಸದ ಫೋಟೊಗಳು ಹತ್ತು ಮೊಬೈಲುಗಳಲ್ಲಿವೆ. ಆದರೆ ಟಿಕೆಟಿಗೆ ಹೆಸರಿಲ್ಲ. ಟವರ್ ಲೊಕೇಶನ್ ಹೇಳುವುದು ಮೊಬೈಲು ಎಲ್ಲಿತ್ತು ಎಂದು, ಮನುಷ್ಯ ಎಲ್ಲಿದ್ದ ಎಂದಲ್ಲ. ಮುಖದ ಸಾಕ್ಷಿಗೆ ಹಾಕುವ ಅನುಮಾನವನ್ನು ಯಂತ್ರಕ್ಕೂ ಹಾಕಲೇಬೇಕು.

ಇನ್ನು ಕಾನೂನು ಬಲ್ಲವರ ಆಕ್ಷೇಪ. ತಾನು ಬೇರೆ ಕಡೆ ಇದ್ದೆ ಎನ್ನುವವನೇ ಅದನ್ನು ಸಾಬೀತು ಮಾಡಬೇಕು ಎಂದು ಹಳೆಯ ಅಧಿನಿಯಮದ 103ನೇ ಕಲಮಿನ ದೃಷ್ಟಾಂತವೇ ಹೇಳುತ್ತದಲ್ಲ? ಹೊಸದರಲ್ಲಿ 106ನೇ ಕಲಮು. ಬಿನಯ್ ಕುಮಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಲಿಬಿಗೆ ಕಟ್ಟುನಿಟ್ಟಾದ ಪುರಾವೆ ಕೇಳಿದೆಯಲ್ಲ? ಕೇಳಿದೆ. ಆದರೆ ಆ ತೀರ್ಪಿನ ಅರ್ಧವನ್ನೇ ಜನ ಉದ್ಧರಿಸುತ್ತಾರೆ. ಪ್ರಾಸಿಕ್ಯೂಷನ್ ತನ್ನ ಹೊರೆ ಇಳಿಸಿದ ಮೇಲೆಯೇ ಈ ಹೊರೆಯ ಮಾತು. ಜೊತೆಗೆ ಆರೋಪಿಯ ಸಾಕ್ಷ್ಯದಿಂದ ಅವನು ಸ್ಥಳದಲ್ಲಿದ್ದ ಬಗ್ಗೆ ಸಮಂಜಸ ಸಂಶಯ ಹುಟ್ಟಿದರೂ ಸಾಕು, ಅದರ ಲಾಭ ಅವನಿಗೇ ಎಂದೂ ಅದೇ ತೀರ್ಪು ಹೇಳುತ್ತದೆ. ಅಲಿಬಿ ಆತ್ಮರಕ್ಷಣೆಯಂಥ ವಿನಾಯಿತಿಯಲ್ಲ. ಆತ್ಮರಕ್ಷಣೆ ಹೇಳುವವನು "ಮಾಡಿದೆ, ಆದರೆ ಕಾರಣವಿತ್ತು" ಎನ್ನುತ್ತಾನೆ. ಅಲಿಬಿ ಹೇಳುವವನು "ಮಾಡಿದವನು ನಾನಲ್ಲ" ಎನ್ನುತ್ತಾನೆ. ಅದು ಪ್ರಾಸಿಕ್ಯೂಷನ್ನಿನ ಮೂಲ ಹೇಳಿಕೆಯ ನಿರಾಕರಣೆ, ಅಷ್ಟೇ. ಸರಳ ಲೆಕ್ಕ ನೋಡಿ. ಹುಡುಗ ಏಳೂವರೆಗೆ ಬಬಲೇಶ್ವರದಲ್ಲಿ ಇದ್ದಿರುವ ಸಾಧ್ಯತೆ ನೂರಕ್ಕೆ ಮೂವತ್ತು ಎಂದು ನ್ಯಾಯಾಧೀಶರಿಗೆ ಅನ್ನಿಸಿದರೆ, ಅವನು ಟಿಕೋಟಾ ರಸ್ತೆಯಲ್ಲಿ ಇದ್ದಿರುವ ಸಾಧ್ಯತೆ ಎಪ್ಪತ್ತನ್ನು ದಾಟುವಂತಿಲ್ಲ. ಒಬ್ಬ ಮನುಷ್ಯ ಎರಡೂ ಊರಲ್ಲಿ ಇರಲಾರ. ಹಾಗಿರುವಾಗ "ಅಲಿಬಿ ಸಾಬೀತಾಗಿಲ್ಲ, ಆದರೆ ನಿಜವಿದ್ದರೂ ಇರಬಹುದು" ಮತ್ತು "ಗುರುತಿಸುವಿಕೆ ಸಂಶಯಾತೀತ" ಎಂಬೆರಡು ವಾಕ್ಯಗಳನ್ನು ಒಂದೇ ತೀರ್ಪಿನಲ್ಲಿ ಬರೆಯಲು ಬರುವುದಿಲ್ಲ. ತಕ್ಕಡಿಯ ಚಿತ್ರ ತಪ್ಪು ಎಂದದ್ದು ಇದಕ್ಕೇ. ಇರುವುದು ಒಂದೇ ತಟ್ಟೆ. ಅಲಿಬಿಯಲ್ಲಿ ನಿಜದ ಅಂಶವಿದ್ದಷ್ಟೂ ಆ ತಟ್ಟೆಯಿಂದ ಕಳೆಯಬೇಕು.

ಅಲಿಬಿ ಬಿದ್ದುಹೋದರೆ? ಬಿದ್ದ ಅಲಿಬಿ ಶೂನ್ಯ, ಅದು ಋಣವಲ್ಲ. ಸುಳ್ಳು ಅಲಿಬಿ ಇತರ ಸಾಕ್ಷ್ಯದ ಸರಪಳಿಗೆ ಒಂದು ಕೊಂಡಿ ಸೇರಿಸಬಹುದು, ಆದರೆ ಇಲ್ಲದ ಸರಪಳಿಯನ್ನು ತಾನೇ ಹೆಣೆಯಲಾರದು. ಅದೂ ಅಲ್ಲದೆ ಸುಳ್ಳು ಬೇರೆ, ತಪ್ಪು ಬೇರೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1984ರಲ್ಲಿ ಅತ್ಯಾಚಾರಕ್ಕೆ ಒಳಗಾದ ಜೆನಿಫರ್ ಥಾಂಪ್ಸನ್, ಬದುಕಿದರೆ ಗುರುತಿಸಲೇಬೇಕೆಂದು ಆ ಹೊತ್ತಿನಲ್ಲೂ ಆತನ ಮುಖವನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಂಡಿದ್ದರು. ಆಮೇಲೆ ರೊನಾಲ್ಡ್ ಕಾಟನ್‌ನನ್ನು ತೋರಿಸಿದರು. ಕಾಟನ್ ಒಂದು ಅಲಿಬಿ ಹೇಳಿದ. ಅವನು ಹೇಳಿದ ವಾರಾಂತ್ಯವೇ ಬೇರೆಯದಾಗಿತ್ತು. ವಾರ ತಪ್ಪಿದ ನೆನಪು ಸುಳ್ಳುಗಾರನ ಲಕ್ಷಣವಾಗಿ ಕಂಡಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದು 1995ರಲ್ಲಿ ಡಿಎನ್ಎ ಪರೀಕ್ಷೆಯಿಂದ ಹೊರಬಂದ. ಮಾಡಿದವನು ಬಾಬಿ ಪೂಲ್ ಎಂಬ ಇನ್ನೊಬ್ಬ. ಮೂರು ವಾರದ ಹಿಂದಿನ ಗುರುವಾರ ಸಂಜೆ ಏಳೂವರೆಗೆ ನೀವು ಎಲ್ಲಿದ್ದಿರಿ? ನೆನಪಿಸಿಕೊಳ್ಳಿ. ತಪ್ಪು ಮಾಡದವನಿಗೆ ಆ ಸಂಜೆಯನ್ನು ನೆನಪಿಡಲು ಕಾರಣವೇ ಇರುವುದಿಲ್ಲ. ಗಟ್ಟಿಯಾದ ಅಲಿಬಿ ಮೊದಲೇ ಸಿದ್ಧವಿರುವುದು ಹಲವು ಸಲ ಸಂಚು ಮಾಡಿದವನ ಬಳಿಯೇ.

ಅಲಿಬಿಯ ಸಾಕ್ಷಿಗಳನ್ನು ಕೊಳ್ಳಬಹುದು ಎಂಬುದನ್ನು ಒಪ್ಪುತ್ತೇನೆ. ಪ್ರತ್ಯಕ್ಷದರ್ಶಿಗಳನ್ನೂ ಕೊಳ್ಳಬಹುದು, ಹೆದರಿಸಿ ತಿರುಗಿಸಬಹುದು. ರಕ್ತಸಂಬಂಧಿ ಎಂಬ ಒಂದೇ ಕಾರಣಕ್ಕೆ ಪ್ರಾಸಿಕ್ಯೂಷನ್ ಸಾಕ್ಷಿಯನ್ನು ತಳ್ಳಿಹಾಕುವಂತಿಲ್ಲ ಎಂದು 1953ರ ದಲೀಪ್ ಸಿಂಗ್ ಪ್ರಕರಣದಿಂದ ನಮ್ಮ ಕೋರ್ಟುಗಳು ಹೇಳುತ್ತ ಬಂದಿವೆ. ಹಾಗಾದರೆ ಆರೋಪಿಯ ಅಕ್ಕನಿಗೂ ಅದೇ ಅಳತೆಗೋಲು ಬೇಕಲ್ಲವೇ? 1981ರ ದೂಧ್ ನಾಥ್ ಪಾಂಡೆ ತೀರ್ಪು ಅದನ್ನೇ ಹೇಳಿದೆ: ಪ್ರತಿವಾದಿಯ ಸಾಕ್ಷಿಗಳನ್ನೂ ಪ್ರಾಸಿಕ್ಯೂಷನ್ ಸಾಕ್ಷಿಗಳಂತೆಯೇ ಕಾಣಬೇಕು. ತಡವಾಗಿ ಬಂದ ಅಲಿಬಿ ಹೊಲಿದು ತಂದದ್ದು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಇಂಗ್ಲೆಂಡಿನಲ್ಲಿ 1967ರಲ್ಲೇ ಅಲಿಬಿಯ ಬಗ್ಗೆ ಮೊದಲೇ ನೋಟಿಸು ಕೊಡಬೇಕೆಂಬ ನಿಯಮ ಬಂತು. ನಮ್ಮಲ್ಲಿ ಆರೋಪಿಗೆ ಮೌನದ ಹಕ್ಕಿದೆ, ಅದು ಇರಬೇಕಾದದ್ದೇ. ಆದರೆ ಅಲಿಬಿ ಇರುವ ಆರೋಪಿ ಅದನ್ನು ಮೂರು ವರ್ಷ ವಕೀಲರ ಕಡತದಲ್ಲಿ ಇಟ್ಟುಕೊಂಡು ಕೂತರೆ ನಷ್ಟ ಅವನಿಗೇ. ಅಷ್ಟರಲ್ಲಿ ಸಿಸಿಟಿವಿಯ ದೃಶ್ಯ ಅಳಿಸಿರುತ್ತದೆ.

ಹಳ್ಳಿಯ ಹಳೆ ಹಗೆಯ ಪ್ರಕರಣಗಳು ಬೇರೆ ಜಾತಿಯವು. ಅಲ್ಲಿ ಸಾಕ್ಷಿ ಮತ್ತು ಆರೋಪಿ ಒಂದೇ ಓಣಿಯವರು. ನಡಿಗೆ, ಕೆಮ್ಮು, ದನಿಯಿಂದಲೇ ಗುರುತು ಹಿಡಿಯಬಲ್ಲರು. ಅಲ್ಲಿ ಮುಖದ ಮರೆವು ಪ್ರಶ್ನೆಯಲ್ಲ. ಮಾಡಿದ ಇಬ್ಬರ ಜೊತೆಗೆ ಮಾಡದ ಮೂವರ ಹೆಸರೂ ದೂರಿನಲ್ಲಿ ಸೇರಿತೇ ಎಂಬುದು ಪ್ರಶ್ನೆ. ಅಂಥ ಕಡೆ "ಯಾರು ಸುಳ್ಳ?" ಎಂದು ಕೇಳುವುದು ಸರಿಯೇ. ಆದರೆ ಅಲ್ಲಿಯ ಅನುಭವವನ್ನು ಹೆದ್ದಾರಿಯ ಅಪರಿಚಿತನ ಪ್ರಕರಣಕ್ಕೆ ತಂದು ಅಂಟಿಸಬಾರದು.

ಸಾಕ್ಷಿಗಳ ಸಂಖ್ಯೆ ಹೆಚ್ಚಾದರೆ ಅನುಮಾನ ಕರಗುತ್ತದೆ ಎಂಬ ಭಾವನೆ ಇನ್ನೂ ಹಳೆಯದು. ಸಾಕ್ಷಿಗಳು ಭಿನ್ನವಾಗಿ ನುಡಿದರೆ ಬಹುಮಂದಿಯ ಮಾತು, ಸಮವಾದರೆ ಗುಣವಂತರ ಮಾತು ಎಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಕಲ್ಯಾಣದಲ್ಲಿ ಕುಳಿತು ಅದಕ್ಕೆ ಮಿತಾಕ್ಷರ ಬರೆದ ವಿಜ್ಞಾನೇಶ್ವರ ನಮ್ಮ ನಾಡಿನವನೇ. ಸುಳ್ಳಿಗೆ ಮದ್ದಾಗಿ ಈ ನಿಯಮ ತಕ್ಕಮಟ್ಟಿಗೆ ನಡೆಯುತ್ತದೆ, ತಪ್ಪಿಗೆ ನಡೆಯುವುದಿಲ್ಲ. ಒಂದೇ ಹೋಲಿಕೆ ಹತ್ತು ಮಂದಿಯನ್ನೂ ಒಂದೇ ರೀತಿ ದಾರಿ ತಪ್ಪಿಸುತ್ತದೆ. 1896ರಲ್ಲಿ ಲಂಡನ್ನಿನಲ್ಲಿ ಅಡಾಲ್ಫ್ ಬೆಕ್ ಎಂಬವನನ್ನು ಒಬ್ಬರ ಹಿಂದೊಬ್ಬರು ಹೆಂಗಸರು ತಮ್ಮನ್ನು ವಂಚಿಸಿದವನು ಇವನೇ ಎಂದರು. 1877ರಲ್ಲಿ ಇಂಥದೇ ವಂಚನೆಗೆ ಸ್ಮಿತ್ ಎಂಬವನಿಗೆ ಶಿಕ್ಷೆಯಾಗಿತ್ತು. ಆ ಸ್ಮಿತ್ ಇವನೇ ಎಂದು ಹಳೆಯ ಪೊಲೀಸನೂ ನುಡಿದಿದ್ದ. 1877ರಲ್ಲಿ ತಾನು ದಕ್ಷಿಣ ಅಮೆರಿಕದಲ್ಲಿದ್ದೆ ಎಂಬ ಬೆಕ್‌ನ ಅಲಿಬಿಯನ್ನು ನ್ಯಾಯಾಧೀಶರು ವಿಚಾರಣೆಯೊಳಗೆ ಬಿಟ್ಟುಕೊಳ್ಳಲೇ ಇಲ್ಲ. ಶಿಕ್ಷೆ ಮುಗಿಸಿ ಬಂದವನನ್ನು 1904ರಲ್ಲಿ ಮತ್ತೆ ಹಿಡಿದರು, ಮತ್ತೆ ಹೆಂಗಸರು ಗುರುತಿಸಿದರು, ಮತ್ತೆ ಅಪರಾಧಿ ಎಂದಾಯಿತು. ಅಷ್ಟರಲ್ಲಿ ನಿಜವಾದವನು ಬೇರೊಂದು ವಂಚನೆಯಲ್ಲಿ ಸಿಕ್ಕಿಬಿದ್ದ. ಇಂಗ್ಲೆಂಡಿಗೆ 1907ರಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಬರಲು ಈ ಪ್ರಕರಣವೂ ಕಾರಣ. ಸಾಕ್ಷಿಗಳಿಗೆ ಇಂತಿಷ್ಟು ಸಂಖ್ಯೆ ಬೇಕಿಲ್ಲ ಎಂಬ ನಮ್ಮ ಅಧಿನಿಯಮದ ನಿಯಮ ಸಾಮಾನ್ಯವಾಗಿ ಒಬ್ಬನೇ ಸಾಕ್ಷಿ ಸಾಕು ಎನ್ನಲು ಬಳಕೆಯಾಗುತ್ತದೆ. ಹತ್ತು ಮಂದಿಯೂ ಸಾಲದಿರಬಹುದು ಎಂಬ ಅರ್ಥವೂ ಅದರಲ್ಲೇ ಇದೆ.

ಇಂಥ ಅನುಮಾನಗಳಿಂದ ಕಳ್ಳರು ತಪ್ಪಿಸಿಕೊಳ್ಳುತ್ತಾರೆ ಎನ್ನುವವರು ಪಕ್ಕದ ಮಹಾರಾಷ್ಟ್ರದ ಒಂದು ಪ್ರಕರಣ ನೋಡಬೇಕು. 2003ರ ಜೂನ್‌ನಲ್ಲಿ ನಾಸಿಕ್ ಜಿಲ್ಲೆಯ ಪೇರಲ ತೋಟದ ಗುಡಿಸಲೊಂದರಲ್ಲಿ ಐವರ ಕೊಲೆಯಾಯಿತು. ಬದುಕುಳಿದ ತಾಯಿ ಒಂದೆರಡು ದಿನಗಳಲ್ಲೇ ಪೊಲೀಸರ ಆಲ್ಬಮ್ ನೋಡಿ ನಾಲ್ವರನ್ನು ಗುರುತಿಸಿದ್ದರು. ಆ ಗುರುತು ಬದಿಗೆ ಸರಿಯಿತು. ಆಮೇಲೆ ಅಲೆಮಾರಿ ಸಮುದಾಯದ ಬೇರೆಯೇ ಆರು ಮಂದಿ ಆರೋಪಿಗಳಾದರು, ಅವರನ್ನೂ ಗುರುತಿಸಲಾಯಿತು. 2009ರಲ್ಲಿ ಸುಪ್ರೀಂ ಕೋರ್ಟು ಆರೂ ಮಂದಿಗೆ ಮರಣದಂಡನೆ ಎಂದಿತು. 2019ರ ಮಾರ್ಚಿನಲ್ಲಿ ಅದೇ ನ್ಯಾಯಾಲಯ, ಅಂಕುಶ್ ಮಾರುತಿ ಶಿಂದೆ ಪ್ರಕರಣದ ತೀರ್ಪಿನಲ್ಲಿ, ಆರೂ ಮಂದಿಯನ್ನು ಬಿಡುಗಡೆ ಮಾಡಿ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆಲ್ಬಮ್ಮಿನ ಆ ನಾಲ್ವರ ಬಗ್ಗೆ ತನಿಖೆಯೇ ನಡೆದಿರಲಿಲ್ಲ. ತಪ್ಪು ಗುರುತಿನ ಲಾಭ ಪಡೆಯುವ ಮೊದಲಿಗ ನಿಜವಾದ ಅಪರಾಧಿಯೇ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 54ನೇ ಕಲಮಿನ ಪ್ರಕಾರ, ಗುರುತಿಸುವ ಸಾಕ್ಷಿ ದೈಹಿಕ ಇಲ್ಲವೆ ಮಾನಸಿಕ ಅಂಗವೈಕಲ್ಯ ಉಳ್ಳವರಾಗಿದ್ದರೆ ಆ ಪ್ರಕ್ರಿಯೆಯನ್ನು ವೀಡಿಯೊ ಮಾಡಬೇಕು. ಉಳಿದವರಿಗೆ ಯಾಕಿಲ್ಲ? ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ಟಿಕೋಟಾದಲ್ಲಾಗಲಿ, ಬಬಲೇಶ್ವರದಲ್ಲಾಗಲಿ, ವಿಜಯಪುರದಲ್ಲಾಗಲಿ ಪರೇಡು ನಡೆಸುವ ತಹಸೀಲ್ದಾರರಲ್ಲಿ ಒಂದೇ ಕೋರಿಕೆ: ಸಾಕ್ಷಿ ಬೆರಳು ತೋರಿಸಿದ ಕೂಡಲೇ, ಇನ್ನಾರೂ ಬಾಯಿ ತೆರೆಯುವ ಮೊದಲು, ಅವನು ಆಡಿದ ಮಾತನ್ನು ಆಡಿದ ಹಾಗೆಯೇ ವರದಿಯಲ್ಲಿ ಬರೆದುಕೊಳ್ಳಿ. "ಇವನ ನೋಡ್ರಿ" ಎಂದರೆ ಹಾಗೆ, "ಇವನ ಇದ್ದಂಗ ಕಾಣ್ತಾನ್ರೀ" ಎಂದರೆ ಹಾಗೆ.